ಏಳು ಮೀಟರ್ ಎತ್ತರದ ಮೀಟರು

ಬಲ್ಗೇರಿಯಾದ ರಾಜಧಾನಿ ಸೋಫಿಯಾದ ದಕ್ಷಿಣಕ್ಕೆ ದುಪ್ನಿತ್ಸಾ ಎಂಬ ಪಟ್ಟಣವಿದೆ. ಅದರ ಒಂದು ಭಾಗಕ್ಕೆ ಗಿಜ್ದೋವಾ ಮಹಲಾ ಎಂದು ಹೆಸರು. ಮೈಸೂರಿನ ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾಗಳನ್ನು ಬಲ್ಲವರಿಗೆ ಈ 'ಮಹಲಾ' ಅಪರಿಚಿತವೆನಿಸದು. ಅರಬ್ಬಿ ಭಾಷೆಯ ಒಂದೇ ಪದ ಪರ್ಷಿಯನ್ ಹಾದಿಯಿಂದ ನಮ್ಮ ಕಡೆಗೆ ಬಂತು, ತುರ್ಕರ ಜೊತೆ ಬಾಲ್ಕನ್ ಸೀಮೆಗೂ ಹೋಯಿತು. ಗಿಜ್ದೋವಾ ಮಹಲಾದಲ್ಲಿ ವಾಸವಾಗಿರುವವರು ಬಹುಮಟ್ಟಿಗೆ ರೋಮಾ ಜನ. ಹಿಂದೆ ಇವರನ್ನು ಜಿಪ್ಸಿಗಳು ಎಂದು ಕರೆಯುತ್ತಿದ್ದರು.

1999 ಮತ್ತು 2000ನೇ ಇಸವಿಗಳಲ್ಲಿ ವಿದ್ಯುತ್ ಪೂರೈಸುವ ಕಂಪನಿ ಈ ಬಡಾವಣೆಯ ಎಲ್ಲ ಮೀಟರುಗಳನ್ನೂ ಬೀದಿಯ ಕಾಂಕ್ರೀಟ್ ಕಂಬಗಳ ಮೇಲೆ, ನೆಲದಿಂದ ಆರರಿಂದ ಏಳು ಮೀಟರ್ ಎತ್ತರದಲ್ಲಿ ಕೂರಿಸಿತು. ಬೇರೆ ಬಡಾವಣೆಗಳಲ್ಲಿ ಮೀಟರು ಇರುವುದು ಸಾಮಾನ್ಯವಾಗಿ 1.7 ಮೀಟರ್ ಎತ್ತರದಲ್ಲಿ, ಅಂದರೆ ನಿಂತವರ ಕಣ್ಣಿನ ಮಟ್ಟಕ್ಕೆ. ಏಳು ಮೀಟರ್ ಎಂದರೆ ಎರಡಂತಸ್ತಿನ ಮನೆಯ ತಾರಸಿ. ಕಂಪನಿ ಕೊಟ್ಟ ಕಾರಣ: ಈ ಬಡಾವಣೆಯಲ್ಲಿ ಮೀಟರು ತಿದ್ದುವುದು, ಕಳ್ಳ ಸಂಪರ್ಕ ಪಡೆಯುವುದು ಹೆಚ್ಚು.

ವಿದ್ಯುತ್ ಬಿಲ್ಲಿನ ಲೆಕ್ಕ ಶಾಲಾ ಮಕ್ಕಳಿಗೂ ಗೊತ್ತು. ಈ ತಿಂಗಳ ಅಂಕಿಯಿಂದ ಹೋದ ತಿಂಗಳ ಅಂಕಿ ಕಳೆದರೆ ಯೂನಿಟ್ಟು ಸಿಗುತ್ತದೆ. ಅದನ್ನು ದರದಿಂದ ಗುಣಿಸಿದರೆ ಹಣ. ಬಿಲ್ಲು ಸರಿಯೇ ತಪ್ಪೇ ಎಂದು ತಾಳೆ ನೋಡಲು ಬೇಕಾದದ್ದು ಒಂದೇ, ಅಂಕಿ ಕಣ್ಣಿಗೆ ಕಾಣಬೇಕು. ಗಿಜ್ದೋವಾ ಮಹಲಾದವರಿಗೆ ಅದು ಕಾಣುತ್ತಿರಲಿಲ್ಲ. ಲಿಖಿತ ಅರ್ಜಿ ಕೊಟ್ಟರೆ ಏಣಿಯ ವಾಹನ ಕಳಿಸುವುದಾಗಿ ಕಂಪನಿ ಹೇಳಿತ್ತು. ಮನೆಯೊಳಗೆ ಇನ್ನೊಂದು ಮೀಟರು ಬೇಕೆಂದರೆ ಅದಕ್ಕೆ ದುಡ್ಡು ತೆರಬೇಕಿತ್ತು. ಅಂಕಿ ಓದಲು ಪಕ್ಕದ ಬಡಾವಣೆಯವನಿಗೆ ಅರ್ಜಿಯೂ ಬೇಡ, ಏಣಿಯೂ ಬೇಡ.

ಆ ಬಡಾವಣೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಹೆಂಗಸೊಬ್ಬರು 2008ರ ಡಿಸೆಂಬರ್‌ನಲ್ಲಿ ತಾರತಮ್ಯ ವಿರೋಧಿ ಆಯೋಗಕ್ಕೆ ದೂರು ಕೊಟ್ಟರು. ಬಿಲ್ಲು ಹೆಚ್ಚು ಬರುತ್ತಿದೆ, ಮೀಟರು ನೋಡಲಾಗುತ್ತಿಲ್ಲ ಎಂಬುದು ಅವರ ಅಹವಾಲು. ವಿಶೇಷವೆಂದರೆ ಆಕೆ ರೋಮಾ ಅಲ್ಲ. ರೋಮಾ ಜನರ ನಡುವೆ ಅಂಗಡಿ ಇಟ್ಟದ್ದರಿಂದ ಅವರ ಮೀಟರೂ ಕಂಬದ ಮೇಲೇರಿತ್ತು.

ಆಯೋಗ, ಮೇಲಿನ ನ್ಯಾಯಾಲಯ, ಮತ್ತೆ ಆಯೋಗ, ಮತ್ತೆ ನ್ಯಾಯಾಲಯ ಎಂದು ಅಲೆದ ಈ ದೂರು ಕೊನೆಗೆ ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ಒಕ್ಕೂಟದ ನ್ಯಾಯಾಲಯದ ಮುಂದೆ ಬಂತು. 2015ರ ಜುಲೈ 16ರಂದು ಅದರ ವಿಸ್ತೃತ ಪೀಠ ತೀರ್ಪು ನೀಡಿತು. ಇಡೀ ಬಡಾವಣೆಗೆ, ಯಾರು ಕದ್ದರು ಯಾರು ಕದ್ದಿಲ್ಲ ಎಂದು ನೋಡದೆ, ವರ್ಷಗಟ್ಟಲೆ ಹೀಗೆ ಮಾಡುವುದು ಅಲ್ಲಿನವರಿಗೆಲ್ಲ ಕಳಂಕ ಹಚ್ಚುವಂಥದ್ದು ಎಂದಿತು. ಆ ಕಳಂಕದ ಪಾಲು ಅಂಗಡಿಯ ಒಡತಿಗೂ ತಟ್ಟಿರುವುದರಿಂದ, ಆಕೆ ಯಾವ ಜನಾಂಗದವರೇ ಆಗಿರಲಿ, ಕಾನೂನಿನ ರಕ್ಷಣೆ ಆಕೆಗೂ ಉಂಟು ಎಂದಿತು. ಕಳ್ಳತನ ತಡೆಯಲು ಬೇರೆ ದಾರಿ ಇದೆಯೇ ಎಂದು ತೂಗಿ ನೋಡುವ ಕೆಲಸವನ್ನು ಮಾತ್ರ ಬಲ್ಗೇರಿಯಾದ ನ್ಯಾಯಾಲಯಕ್ಕೇ ಬಿಟ್ಟಿತು.

ಒಂದು ಪುಟ್ಟ ಪಟ್ಟಣದ ಕಂಬದ ಮೇಲಿನ ಮೀಟರಿನ ಎತ್ತರವನ್ನು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ನ್ಯಾಯಾಧೀಶರು ಏಕೆ ಚರ್ಚಿಸಬೇಕು? ಅದಕ್ಕೆ ಉತ್ತರ ಯೂರೋಪಿನ ಇತ್ತೀಚಿನ ಚರಿತ್ರೆಯಲ್ಲಿದೆ.

'ಘರ್' ಮತ್ತು 'ಖೇರ್'

ಅದಕ್ಕೆ ಮೊದಲು ರೋಮಾ ಜನರ ಬಗ್ಗೆ ಎರಡು ಮಾತು. ಇವರ ಪೂರ್ವಿಕರು ಹೋದದ್ದು ಭಾರತದಿಂದ, ಸುಮಾರು ಸಾವಿರ ವರ್ಷಗಳ ಹಿಂದೆ. ಇದನ್ನು ಮೊದಲು ಕಂಡುಹಿಡಿದವರು ಭಾಷಾ ಪಂಡಿತರು. ಆಮೇಲೆ ವಂಶವಾಹಿಗಳ ಅಧ್ಯಯನವೂ ಅದನ್ನೇ ಹೇಳಿತು. ರೋಮಾನಿ ಭಾಷೆಯಲ್ಲಿ ನೀರಿಗೆ 'ಪಾನಿ' ಎನ್ನುತ್ತಾರೆ. ಒಂದು, ಎರಡು, ಮೂರು ಎನ್ನಲು 'ಯೇಖ್, ದುಯ್, ತ್ರಿನ್'. ಮನೆಗೆ 'ಖೇರ್', ಹಿಂದಿಯ 'ಘರ್'ನ ದಾಯಾದಿ ಪದ. ಐರೋಪ್ಯ ಆಯೋಗದ ಅಂದಾಜಿನಂತೆ ಇಡೀ ಯೂರೋಪಿನಲ್ಲಿ ಒಂದು ಕೋಟಿಗೂ ಹೆಚ್ಚು ರೋಮಾ ಜನರಿದ್ದಾರೆ. ಒಕ್ಕೂಟದ ಒಳಗೆ ಸುಮಾರು 60 ಲಕ್ಷ. ಮನೆಗೆ ಹೆಸರನ್ನು ಸಾವಿರ ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದ ಈ ಜನರಿಗೆ ಮನೆಯೇ ಗಟ್ಟಿಯಾಗಿ ಸಿಗಲಿಲ್ಲವೆನ್ನುವುದು ವಿಪರ್ಯಾಸ. ಊರಾಚೆಯ ಜೋಪಡಿ, ಹಕ್ಕುಪತ್ರವಿಲ್ಲದ ಜಾಗ, ನಲ್ಲಿ ಬಾರದ ಕೇರಿ ಬಲ್ಗೇರಿಯಾ, ರುಮೇನಿಯಾ, ಸ್ಲೊವಾಕಿಯಾಗಳಲ್ಲಿ ಈಗಲೂ ಕಾಣಸಿಗುತ್ತವೆ.

ಏಳು ತಿಂಗಳಲ್ಲಿ ಬಂದ ಕಾನೂನು

ಒಕ್ಕೂಟದ ಕಾನೂನುಗಳು ಆಮೆಯ ನಡೆಗೆ ಹೆಸರಾದವು. ಕರಡು ಬಂದು ಸದಸ್ಯ ದೇಶಗಳೆಲ್ಲ ಒಪ್ಪುವ ಹೊತ್ತಿಗೆ ಎಷ್ಟೋ ವರ್ಷ ಹಿಡಿಯುತ್ತದೆ. ಜನಾಂಗ ಸಮಾನತೆಯ ನಿರ್ದೇಶನ ಮಾತ್ರ ಇದಕ್ಕೆ ಅಪವಾದ. 1999ರ ಮೇ ತಿಂಗಳಲ್ಲಿ ಜಾರಿಗೆ ಬಂದ ಆಮ್‌ಸ್ಟರ್‌ಡ್ಯಾಮ್ ಒಪ್ಪಂದ, ಜನಾಂಗ, ಧರ್ಮ, ವಯಸ್ಸು, ಅಂಗವೈಕಲ್ಯ ಮುಂತಾದವುಗಳ ಮೇಲಿನ ತಾರತಮ್ಯದ ವಿರುದ್ಧ ಕಾನೂನು ಮಾಡುವ ಅಧಿಕಾರವನ್ನು ಒಕ್ಕೂಟಕ್ಕೆ ಮೊದಲ ಬಾರಿ ಕೊಟ್ಟಿತ್ತು. ಆ ವರ್ಷದ ನವೆಂಬರ್‌ನಲ್ಲಿ ಆಯೋಗ ಕರಡು ಮುಂದಿಟ್ಟಿತು.

ಅಷ್ಟರಲ್ಲಿ ಆಸ್ಟ್ರಿಯಾದಲ್ಲಿ ಒಂದು ಬೆಳವಣಿಗೆಯಾಯಿತು. 2000ದ ಫೆಬ್ರುವರಿಯಲ್ಲಿ, ವಲಸಿಗರ ವಿರುದ್ಧದ ಪ್ರಚಾರದಿಂದ ಬೆಳೆದಿದ್ದ ಯೋರ್ಗ್ ಹೈದರ್ ಅವರ ಪಕ್ಷ ಸರ್ಕಾರದಲ್ಲಿ ಪಾಲುದಾರನಾಯಿತು. ಒಕ್ಕೂಟದಲ್ಲಿ ಆಗ ಇದ್ದದ್ದು 15 ದೇಶ. ಉಳಿದ ಹದಿನಾಲ್ಕೂ ಬೆಚ್ಚಿಬಿದ್ದವು, ಆಸ್ಟ್ರಿಯಾದೊಡನೆ ರಾಜತಾಂತ್ರಿಕ ಸಂಬಂಧಕ್ಕೆ ಕಡಿವಾಣ ಹಾಕಿದವು. ತಾವು ಸುಮ್ಮನೆ ಕುಳಿತಿಲ್ಲ ಎಂದು ತೋರಿಸುವ ಅಗತ್ಯ ಅವುಗಳಿಗೆ ಬಂತು. ಆಸ್ಟ್ರಿಯಾಕ್ಕೂ ತಾನು ಅಂಥದ್ದಲ್ಲ ಎಂದು ತೋರಿಸಬೇಕಿತ್ತು. ಹೀಗಾಗಿ 2000ದ ಜೂನ್ 29ರಂದು, ಏಳೇ ತಿಂಗಳಲ್ಲಿ, ಸರ್ವಾನುಮತದಿಂದ ಕಾನೂನು ಹೊರಬಂತು. ಒಳ್ಳೆಯ ಕಾನೂನುಗಳು ಯಾವಾಗಲೂ ಒಳ್ಳೆಯ ಘಳಿಗೆಯಲ್ಲೇ ಹುಟ್ಟುತ್ತವೆ ಎಂದೇನಿಲ್ಲ.

ಈ ನಿರ್ದೇಶನ ಉದ್ಯೋಗಕ್ಕಷ್ಟೇ ಸೀಮಿತವಲ್ಲ. ಶಿಕ್ಷಣ, ಸಾಮಾಜಿಕ ರಕ್ಷಣೆ, ಸಾರ್ವಜನಿಕರಿಗೆ ಸಿಗುವ ಸರಕು ಮತ್ತು ಸೇವೆ ಎಲ್ಲಕ್ಕೂ ಅನ್ವಯ. ವಸತಿಯನ್ನು ಹೆಸರಿಟ್ಟೇ ಸೇರಿಸಲಾಗಿದೆ. ಇನ್ನೊಂದು ಮುಖ್ಯ ಅಂಶ ರುಜುವಾತಿನ ಹೊರೆಯದು. ಸಾಮಾನ್ಯವಾಗಿ ದೂರು ಕೊಟ್ಟವನೇ ಎಲ್ಲವನ್ನೂ ಸಾಬೀತು ಮಾಡಬೇಕು. 'ನಿನ್ನ ಬಣ್ಣ ನೋಡಿ ಮನೆ ಕೊಡಲಿಲ್ಲ' ಎಂದು ಯಾವ ಮಾಲೀಕನೂ ಬರೆದುಕೊಡುವುದಿಲ್ಲವಲ್ಲ! ಅದಕ್ಕೆಂದೇ ಇಲ್ಲಿ, ಅನುಮಾನಕ್ಕೆ ಸಾಕಷ್ಟು ಆಧಾರವಿದ್ದರೆ, ತಾನು ತಾರತಮ್ಯ ಮಾಡಿಲ್ಲ ಎಂದು ತೋರಿಸಬೇಕಾದವನು ಎದುರು ಪಕ್ಷದವನು. 2007ರಲ್ಲಿ ಒಕ್ಕೂಟ ಸೇರಿದ ಬಲ್ಗೇರಿಯಾಕ್ಕೂ ಇದು ಕಟ್ಟುಪಾಡಾಯಿತು. ಕಿರಾಣಿ ಅಂಗಡಿಯ ಒಡತಿ ಹಿಡಿದುಕೊಂಡ ಹಗ್ಗ ಇದೇ.

ಮನೆ ಕಟ್ಟಲಾಗದ ಒಕ್ಕೂಟ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತೇವೆ. ಐರೋಪ್ಯ ಒಕ್ಕೂಟಕ್ಕೆ ಮೊದಲನೆಯದನ್ನು ಮಾಡಿ ನೋಡುವ ಅಧಿಕಾರವೇ ಇಲ್ಲ. ವಸತಿ ನೀತಿ ಆಯಾ ದೇಶದ, ಎಷ್ಟೋ ಕಡೆ ಆಯಾ ನಗರದ ಸ್ವತ್ತು. ಬ್ರಸೆಲ್ಸ್‌ನಲ್ಲಿ ಕುಳಿತವರು ಒಂದು ಇಟ್ಟಿಗೆ ಇಡುವಂತಿಲ್ಲ, ಬಾಡಿಗೆ ಇಷ್ಟೇ ಇರಲಿ ಎನ್ನುವಂತಿಲ್ಲ. ಅವರಿಗೆ ಸಾಧ್ಯವಿರುವುದು ಮೂರು: ಕಟ್ಟಿದ ಮನೆಯ ಬಾಗಿಲು ಯಾರಿಗೆ ತೆರೆಯುತ್ತದೆ, ಯಾರಿಗೆ ಮುಚ್ಚುತ್ತದೆ ಎಂದು ಕಾನೂನಿನ ಮೂಲಕ ಕೇಳುವುದು, ಎಲ್ಲ ದೇಶಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು, ಒಬ್ಬರ ಅಡಿಗೆಮನೆಯನ್ನು ಇನ್ನೊಬ್ಬರು ಹೊಕ್ಕು ನೋಡುವಂತೆ ಮಾಡುವುದು. ಕೇಳಲು ಇವು ಸಣ್ಣ ಕೆಲಸಗಳು. ಆದರೆ ವಿಯೆನ್ನಾದಲ್ಲಿ ಮೊದಲನೆಯದೊಂದೇ ಏನು ಮಾಡಿತು ಎಂದು ನೋಡಬಹುದು.

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ ಬಡವರಿಗೂ ಮಧ್ಯಮ ವರ್ಗಕ್ಕೂ ಮನೆ ಕೊಡುವುದರಲ್ಲಿ ಜಗತ್ತಿಗೇ ಮಾದರಿ ಎನಿಸಿಕೊಂಡ ನಗರ. ಮೊದಲ ಮಹಾಯುದ್ಧ ಮುಗಿದಾಗ ಅಲ್ಲಿ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಹಾಸಿಗೆಯನ್ನೇ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆದು ಮಲಗುವವರಿದ್ದರು. 1919ರಲ್ಲಿ ನಗರಾಡಳಿತ ಹಿಡಿದ ಸೋಷಲ್ ಡೆಮೊಕ್ರಾಟರು 1923ರಲ್ಲಿ ಮನೆ ತೆರಿಗೆಯೊಂದನ್ನು ತಂದರು. ಹಣಕಾಸು ನೋಡಿಕೊಳ್ಳುತ್ತಿದ್ದ ಹ್ಯೂಗೊ ಬ್ರೈಟ್‌ನರ್ ರೂಪಿಸಿದ ಈ ತೆರಿಗೆ ಮನೆ ದೊಡ್ಡದಾದಷ್ಟೂ ಕಡಿದಾಗಿ ಏರುತ್ತಿತ್ತು. ಅತಿ ದುಬಾರಿಯಾದ ಅರ್ಧ ಶೇಕಡಾದಷ್ಟು ಕಟ್ಟಡಗಳಿಂದಲೇ ಒಟ್ಟು ಆದಾಯದ ಶೇ. 40ಕ್ಕೂ ಹೆಚ್ಚು ಬರುತ್ತಿತ್ತು. ಆ ಹಣದಿಂದ 1934ರೊಳಗೆ 60,000ಕ್ಕೂ ಹೆಚ್ಚು ಮನೆಗಳನ್ನು ಕಟ್ಟಿದರು. ಇಂದಿಗೂ ಆ ಕಟ್ಟಡಗಳ ಗೋಡೆಯ ಮೇಲೆ, ಇದನ್ನು ವಿಯೆನ್ನಾ ನಗರಸಭೆ ಮನೆ ತೆರಿಗೆಯ ಹಣದಿಂದ ಇಂಥ ಇಸವಿಯಲ್ಲಿ ಕಟ್ಟಿತು ಎಂಬ ಕೆಂಪು ಅಕ್ಷರದ ಸಾಲುಗಳಿವೆ. ಉದ್ಘಾಟಿಸಿದವರ ಹೆಸರಿಗಿಂತ ದುಡ್ಡು ಎಲ್ಲಿಂದ ಬಂತೆಂಬುದನ್ನು ದೊಡ್ಡದಾಗಿ ಬರೆಯುವ ಪದ್ಧತಿ ಅಪರೂಪದ್ದು.

ಇವುಗಳಲ್ಲಿ ಹೆಸರುವಾಸಿಯಾದದ್ದು ಕಾರ್ಲ್ ಮಾರ್ಕ್ಸ್ ಹೋಫ್. ವಾಸ್ತುಶಿಲ್ಪಿ ಕಾರ್ಲ್ ಏನ್. 1927ರಿಂದ 1930ರವರೆಗೆ ಕಟ್ಟಿದ ಇದರ ಉದ್ದ ಒಂದು ಕಿಲೋಮೀಟರಿಗೂ ಮಿಕ್ಕಿದ್ದು. ಸುಮಾರು 1,400 ಮನೆ, ಐದು ಸಾವಿರ ಜನ. ಸಾಮೂಹಿಕ ಬಟ್ಟೆ ಒಗೆಯುವ ಮನೆ, ಸ್ನಾನಗೃಹ, ಶಿಶುವಿಹಾರ, ಗ್ರಂಥಾಲಯ, ದವಾಖಾನೆ ಎಲ್ಲ ಒಳಗೇ. 1934ರ ಫೆಬ್ರುವರಿಯ ಅಂತರ್ಯುದ್ಧದಲ್ಲಿ ಈ ಮನೆಗಳ ಮೇಲೆಯೇ ಸೇನೆ ಫಿರಂಗಿ ಹಾರಿಸಿತು. ಎರಡನೇ ಯುದ್ಧದ ನಂತರ ನಗರಸಭೆ ಮತ್ತೆ ಕಟ್ಟುತ್ತಾ ಹೋಯಿತು. ಇವತ್ತು ಅದರ ಕೈಯಲ್ಲಿ ಸುಮಾರು 2,20,000 ಮನೆಗಳಿವೆ. ಮಿತ ಲಾಭದ ಸಂಘಗಳು ಕಟ್ಟಿದ ಮನೆಗಳನ್ನೂ ಸೇರಿಸಿದರೆ ವಿಯೆನ್ನಾದ ಅರ್ಧದಷ್ಟು ಜನ ಇಂಥ ಮನೆಗಳಲ್ಲೇ ಇದ್ದಾರೆ.

ಇಷ್ಟೆಲ್ಲ ಒಳ್ಳೆಯದರ ನಡುವೆ ಒಂದು ಬಾಗಿಲು ಮುಚ್ಚಿತ್ತು. 1964ರಲ್ಲಿ ತುರ್ಕಿ, 1966ರಲ್ಲಿ ಯುಗೊಸ್ಲಾವಿಯಾ ದೇಶಗಳೊಡನೆ ಒಪ್ಪಂದ ಮಾಡಿಕೊಂಡು ಆಸ್ಟ್ರಿಯಾ 'ಅತಿಥಿ ಕಾರ್ಮಿಕ'ರನ್ನು ಕರೆಸಿಕೊಂಡಿತು. ಅವರು ರಸ್ತೆ ಹಾಕಿದರು, ಗಾರೆ ಕಲಸಿದರು. ತೆರಿಗೆಯನ್ನೂ ಕೊಟ್ಟರು. ನಗರಸಭೆಯ ಮನೆಗಳು ಮಾತ್ರ ಬಹುಮಟ್ಟಿಗೆ ಆಸ್ಟ್ರಿಯಾದ ಪೌರರಿಗೆ, ಮುಂದೆ ಒಕ್ಕೂಟದ ಪೌರರಿಗೆ. ಅತಿಥಿ ಕಾರ್ಮಿಕರ ಸಂಸಾರಗಳು ಹಳೆಯ ಖಾಸಗಿ ಕಟ್ಟಡಗಳಲ್ಲಿ ಉಳಿದವು. ಅಲ್ಲಿ ಕಕ್ಕಸು ಓಣಿಯ ಕೊನೆಗೆ. 'ಬಸೇನಾ' ಎಂದು ಕರೆಯುವ ನೀರಿನ ನಲ್ಲಿ ಇಡೀ ಮಹಡಿಗೆ ಒಂದೇ. ಅತಿಥಿಯನ್ನು ಕರೆದು ಹೊರಗಿನ ಜಗುಲಿಯಲ್ಲೇ ಮಲಗಿಸಿದಂತಾಯಿತು ಇದು.

ಈ ಬಾಗಿಲು ತೆರೆದದ್ದು 2006ರಲ್ಲಿ. ಒಕ್ಕೂಟದ 2003ರ ಇನ್ನೊಂದು ನಿರ್ದೇಶನದ ಪ್ರಕಾರ, ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿ 'ದೀರ್ಘಾವಧಿ ನಿವಾಸಿ' ಎಂಬ ಸ್ಥಾನ ಪಡೆದ ಹೊರದೇಶದವರನ್ನು ಹಲವು ವಿಷಯಗಳಲ್ಲಿ ಸ್ವಂತ ಪೌರರಂತೆಯೇ ಕಾಣಬೇಕು. ಮನೆಗೆ ಅರ್ಜಿ ಹಾಕುವ ವಿಧಾನವೂ ಅದರಲ್ಲಿ ಸೇರಿದೆ. ಅದನ್ನು ಜಾರಿಗೆ ತರಲು ಕೊಟ್ಟ ಗಡುವು 2006ರ ಜನವರಿ 23. ವಿಯೆನ್ನಾ ಮಾದರಿಯನ್ನು ಹೊಗಳುವ ಬರಹಗಳಲ್ಲಿ ಕೆಂಪು ಅಕ್ಷರದ ಗೋಡೆಗಳ ಚಿತ್ರ ತಪ್ಪದೆ ಇರುತ್ತದೆ. ಈ ದಿನಾಂಕ ಸಾಮಾನ್ಯವಾಗಿ ಇರುವುದಿಲ್ಲ.

ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಅರ್ಜಿ ಹಾಕಲು ವಿಯೆನ್ನಾದಲ್ಲಿ ಎರಡು ವರ್ಷ ವಾಸವಾಗಿರಬೇಕೆಂಬ ನಿಯಮವಿದೆ. ಹೊಸದಾಗಿ ಬಂದವರು ಅಷ್ಟು ದಿನ ದುಬಾರಿ ಬಾಡಿಗೆಯಲ್ಲಿ ನವೆಯಲೇಬೇಕು.

ಗುಣಕ ಬದಲಿಸಿದರೆ ಉತ್ತರವೂ ಬದಲು

ಆಲ್ಪ್ಸ್ ಪರ್ವತದ ಆಚೆ, ಇಟಲಿಯ ಬೊಲ್ಜಾನೊ ಪ್ರಾಂತ್ಯದಲ್ಲಿ ನಡೆದ ಪ್ರಸಂಗ ಗಣಿತದ ವಿದ್ಯಾರ್ಥಿಗಳು ಗಮನಿಸಬೇಕಾದದ್ದು. ಅಲ್ಬೇನಿಯಾದಿಂದ ಬಂದ ಕಾರ್ಮಿಕನೊಬ್ಬ 1994ರಿಂದ ಅಲ್ಲಿ ನೆಲೆಸಿದ್ದ. ಕಾಯಂ ಕೆಲಸವಿತ್ತು, ಸಂಬಳ ಕಡಿಮೆ. 1998ರಿಂದ ಹತ್ತು ವರ್ಷ ಪ್ರಾಂತ್ಯದಿಂದ ಬಾಡಿಗೆ ಸಹಾಯಧನ ಬರುತ್ತಿತ್ತು. 2009ರ ಅರ್ಜಿಗೆ ಮಾತ್ರ ಉತ್ತರ ಬೇರೆ ಬಂತು: ಒಕ್ಕೂಟದ ಹೊರಗಿನವರಿಗಾಗಿ ಇಟ್ಟ ಹಣ ಮುಗಿದಿದೆ, ಕೊಡಲಾಗದು.

ಪ್ರಾಂತ್ಯ ಮಾಡಿದ್ದಿಷ್ಟು. ಸಹಾಯಧನದ ಗಂಟನ್ನು ಎರಡು ಪಾಲು ಮಾಡಿ ಒಂದನ್ನು ಇಟಲಿ ಮತ್ತು ಒಕ್ಕೂಟದ ಪೌರರಿಗೆ, ಇನ್ನೊಂದನ್ನು ಹೊರಗಿನವರಿಗೆ ಮೀಸಲಿಟ್ಟಿತು. ಯಾರಿಗೆ ಎಷ್ಟು ಎಂಬ ಸೂತ್ರದಲ್ಲಿ ಎರಡು ಅಂಶ: ಆ ಗುಂಪಿನ ಜನಸಂಖ್ಯೆ, ಆ ಗುಂಪಿನ ಅಗತ್ಯ. ಹೊರಗಿನವರ ಲೆಕ್ಕ ಮಾಡುವಾಗ ಈ ಅಂಶಗಳಿಗೆ ಬಳಸಿದ ಗುಣಕಗಳೇ ಬೇರೆ. ಸೂತ್ರದಲ್ಲಿ 'ಇವರಿಗೆ ಕಡಿಮೆ ಕೊಡು' ಎಂದು ಎಲ್ಲಿಯೂ ಬರೆದಿರಲಿಲ್ಲ. ಗುಣಕವೇ ಆ ಕೆಲಸ ಮಾಡಿತು. ಒಂದೇ ಬೀದಿಯಲ್ಲಿ, ಒಂದೇ ಸಂಬಳದಲ್ಲಿ, ಒಂದೇ ಬಾಡಿಗೆ ಕೊಡುವ ಇಬ್ಬರಲ್ಲಿ ಒಬ್ಬನ ಪಾಲು ಬೇಗ ಮುಗಿಯುವಂತೆ ಗಂಟು ಕಟ್ಟಲಾಗಿತ್ತು. 2012ರ ಏಪ್ರಿಲ್ 24ರಂದು ಲಕ್ಸೆಂಬರ್ಗ್ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಮನುಷ್ಯ ಗೌರವದಿಂದ ಬದುಕಲು ಬೇಕಾದ ಮೂಲ ಸಹಾಯದ ವಿಷಯದಲ್ಲಿ ಹೀಗೆ ಎರಡು ಸಾಲು ಮಾಡುವಂತಿಲ್ಲ ಎಂಬುದು ಅದರ ತಿರುಳು.

ಇಂಥದೇ ಇನ್ನೊಂದು ಮೊಕದ್ದಮೆ ಮೇಲ್ ಆಸ್ಟ್ರಿಯಾ ಪ್ರಾಂತ್ಯದಿಂದ ಬಂತು. 1997ರಿಂದ ಅಲ್ಲಿದ್ದ ತುರ್ಕಿಯವನೊಬ್ಬನಿಗೆ ಹೆಂಡತಿ, ಮೂವರು ಮಕ್ಕಳು. 2018ರಿಂದ ಬಾಡಿಗೆ ಸಹಾಯಕ್ಕೆ ಜರ್ಮನ್ ಭಾಷೆಯ ಪ್ರಮಾಣಪತ್ರ ಕಡ್ಡಾಯವಾಯಿತು, ಅದೂ ಹೊರದೇಶದವರಿಗೆ ಮಾತ್ರ. ಆತನಿಗೆ ಭಾಷೆ ಬರುತ್ತಿತ್ತು, ಪ್ರಮಾಣಪತ್ರವಿರಲಿಲ್ಲ. 2021ರ ಜೂನ್ 10ರ ತೀರ್ಪಿನಲ್ಲಿ ನ್ಯಾಯಾಲಯ, ಈ ಸಹಾಯ 'ಮೂಲ ಸಹಾಯ' ಎನಿಸಿಕೊಳ್ಳುವುದಾದರೆ ಇಂಥ ಷರತ್ತು 2003ರ ನಿರ್ದೇಶನಕ್ಕೆ ವಿರುದ್ಧ ಎಂದಿತು. ಅದೇ ಉಸಿರಿನಲ್ಲಿ, ಎಲ್ಲ ಹೊರದೇಶದವರಿಗೂ ಒಂದೇ ಸಮನಾಗಿ ಹಾಕಿದ ಷರತ್ತು ಜನಾಂಗ ಸಮಾನತೆಯ ನಿರ್ದೇಶನದ ವ್ಯಾಪ್ತಿಗೆ ಬಾರದು ಎಂದೂ ಹೇಳಿತು.

ಈ ಸೂಕ್ಷ್ಮ ವ್ಯತ್ಯಾಸ ಕರ್ನಾಟಕದ ಮನೆಗಳಿಗೂ ಸಂಬಂಧಿಸಿದ್ದು. ಜರ್ಮನಿ, ನೆದರ್ಲೆಂಡ್ಸ್ ಮುಂತಾದ ಕಡೆ ಓದಲು ಹೋಗುವ ಮಕ್ಕಳಿಗೆ ಮೊದಲು ಎದುರಾಗುವ ಕಷ್ಟ ಪಾಠದ್ದಲ್ಲ, ರೂಮಿನದು. ಸಾರ್ವಜನಿಕವಾಗಿ ಜಾಹೀರಾತು ಕೊಟ್ಟ ಮನೆಯನ್ನು ಮೈಬಣ್ಣ ಅಥವಾ ಜನಾಂಗದ ಕಾರಣಕ್ಕೆ ನಿರಾಕರಿಸುವಂತಿಲ್ಲ. ಈ ರಕ್ಷಣೆ ವಿದ್ಯಾರ್ಥಿಗೂ ಉಂಟು. ಆದರೆ ಮಾಲೀಕ ತಾನೂ ಅದೇ ನಿವೇಶನದಲ್ಲಿ ವಾಸವಿದ್ದರೆ ಜರ್ಮನಿಯ 2006ರ ಸಮಾನತಾ ಕಾನೂನು ವಿನಾಯಿತಿ ಕೊಡುತ್ತದೆ. 2003ರ ನಿರ್ದೇಶನವಂತೂ ಓದುವ ಸಲುವಾಗಿ ಇರುವವರಿಗೆ ಅನ್ವಯಿಸುವುದೇ ಇಲ್ಲ. ಓದು ಮುಗಿಸಿ ಕೆಲಸ ಹಿಡಿದು ಅಲ್ಲೇ ನಿಂತರೆ, ಓದಿದ ವರ್ಷಗಳಲ್ಲಿ ಅರ್ಧವನ್ನು ಮಾತ್ರ ಐದು ವರ್ಷದ ಲೆಕ್ಕಕ್ಕೆ ಹಿಡಿಯುತ್ತಾರೆ. ಹೊರಡುವ ಮುನ್ನ ತಂದೆ ತಾಯಿಗಳು ಕಾಲೇಜಿನ ಶುಲ್ಕದ ಜೊತೆಗೆ ಇದನ್ನೂ ವಿಚಾರಿಸಿಕೊಳ್ಳುವುದು ಲೇಸು.

ಒಂದೇ ಅಳತೆಗೋಲು

ಪ್ರಯೋಗಶಾಲೆಯಲ್ಲಿ ಒಬ್ಬ ಇಂಚಿನಲ್ಲಿ, ಇನ್ನೊಬ್ಬ ಗೇಣಿನಲ್ಲಿ ಅಳೆದರೆ ಹೋಲಿಕೆ ಹೇಗೆ ಸಾಧ್ಯ? ಬಡತನ ಮತ್ತು ಸೂರಿನ ವಿಷಯದಲ್ಲಿ ಯೂರೋಪಿನ ದೇಶಗಳು ಬಹುಕಾಲ ಹೀಗೆಯೇ ಇದ್ದವು. 2000ದ ಮಾರ್ಚ್‌ನಲ್ಲಿ ಲಿಸ್ಬನ್‌ನಲ್ಲಿ ಸೇರಿದ ನಾಯಕರು ಬಡತನದ ವಿರುದ್ಧ ಒಟ್ಟಾಗಿ ಕೆಲಸ ಮಾಡುವ ಹೊಸ ವಿಧಾನಕ್ಕೆ ಒಪ್ಪಿದರು. ಕಾನೂನಿನ ಒತ್ತಾಯವಿಲ್ಲ, ಗುರಿ ಒಂದೇ, ಅಳತೆ ಒಂದೇ, ದಾರಿ ಅವರವರದು. ಮರುವರ್ಷದ ಡಿಸೆಂಬರ್‌ನಲ್ಲಿ ಬ್ರಸೆಲ್ಸ್‌ನ ಲಾಕನ್‌ನಲ್ಲಿ 18 ಸೂಚಕಗಳನ್ನು ಒಪ್ಪಿಕೊಂಡರು.

ಬಡತನದ ಅಂಚನ್ನು ಅವರು ಗುರುತಿಸುವ ಬಗೆ ಹತ್ತನೆಯ ತರಗತಿಯ ಸಂಖ್ಯಾಶಾಸ್ತ್ರದ್ದೇ. ಐದು ಜನರ ತಿಂಗಳ ಆದಾಯ 800, 1,100, 2,000, 3,000 ಮತ್ತು 20,000 ಯೂರೋ ಎಂದಿಟ್ಟುಕೊಳ್ಳೋಣ. ಸರಾಸರಿ ತೆಗೆದರೆ 5,380. ಆ ಒಬ್ಬ ಶ್ರೀಮಂತನ ದೆಸೆಯಿಂದ ಉಳಿದ ನಾಲ್ವರೂ ಸರಾಸರಿಗಿಂತ ಕೆಳಗೆ! ಅದಕ್ಕೇ ಮಧ್ಯಾಂಕ, ಅಂದರೆ ಸಾಲಿನ ನಡುವಿನವನ 2,000ವನ್ನು ತೆಗೆದುಕೊಳ್ಳುತ್ತಾರೆ. ಅದರ ಶೇ. 60, ಅಂದರೆ 1,200ಕ್ಕಿಂತ ಕಡಿಮೆ ಇರುವ ಮೊದಲ ಇಬ್ಬರು ಬಡತನದ ಅಂಚಿನಲ್ಲಿರುವವರು. ಕುಟುಂಬದ ಗಾತ್ರಕ್ಕೆ ತಕ್ಕ ಹೊಂದಾಣಿಕೆ ಇದರಲ್ಲಿ ಇದ್ದೇ ಇರುತ್ತದೆ. ವಸತಿಗೂ ಇಂಥದೊಂದು ಗೆರೆ ಇದೆ. ಕೈಗೆ ಬರುವ ಆದಾಯದ ಶೇ. 40ಕ್ಕಿಂತ ಹೆಚ್ಚು ಮನೆಗೇ ಖರ್ಚಾದರೆ ಅದು 'ಮಿತಿ ಮೀರಿದ ಹೊರೆ'. 2023ರಲ್ಲಿ ಗ್ರೀಸ್‌ನ ಕಾಲು ಭಾಗಕ್ಕಿಂತ ಹೆಚ್ಚು ಜನ ಈ ಗೆರೆ ದಾಟಿದ್ದರು.

ಮನೆಯೇ ಇಲ್ಲದವರನ್ನು ಎಣಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಮನೆಮನೆಗೆ ಹೋಗುವ ಎಣಿಕೆದಾರನಿಗೆ ಮನೆಯಿಲ್ಲದವನು ಸಿಗುವುದೆಲ್ಲಿ? ಒಂದು ದೇಶ ಫುಟ್‌ಪಾತಿನಲ್ಲಿ ಮಲಗಿದವರನ್ನಷ್ಟೇ ಎಣಿಸಿದರೆ ಇನ್ನೊಂದು ನೆಂಟರ ಮನೆಯ ಸೋಫಾದ ಮೇಲೆ ಮಲಗಿದವನನ್ನೂ ಸೇರಿಸುತ್ತಿತ್ತು. ಪ್ರಾಮಾಣಿಕವಾಗಿ ಎಣಿಸಿದ ದೇಶ ಹೊರನೋಟಕ್ಕೆ ಕೆಟ್ಟದಾಗಿ ಕಾಣುತ್ತಿತ್ತು. ಸೂರಿಲ್ಲದವರಿಗಾಗಿ ದುಡಿಯುವ ಸಂಸ್ಥೆಗಳ ಐರೋಪ್ಯ ಒಕ್ಕೂಟ 'ಫಿಯಾಂತ್ಸಾ' 2005ರಲ್ಲಿ ಒಂದು ವರ್ಗೀಕರಣ ಪ್ರಕಟಿಸಿತು. ಸೂರೇ ಇಲ್ಲದವರು, ಸೂರಿದ್ದೂ ಮನೆಯಿಲ್ಲದವರು, ಯಾವಾಗ ಹೊರಹಾಕುತ್ತಾರೋ ಎಂಬ ಸ್ಥಿತಿಯವರು, ವಾಸಯೋಗ್ಯವಲ್ಲದ ಜಾಗದಲ್ಲಿರುವವರು ಎಂದು ನಾಲ್ಕು ತಲೆಬರಹ. ಅವುಗಳಡಿ 13 ಬಗೆ. ಹೊಡೆತ ತಾಳಲಾರದೆ ಗಂಡನ ಮನೆ ಬಿಟ್ಟು ಆಶ್ರಯಧಾಮ ಸೇರಿದ ಹೆಂಗಸು, ಬಿಡುಗಡೆಯ ದಿನ ಹತ್ತಿರವಾದರೂ ಹೋಗಲು ಜಾಗವಿಲ್ಲದ ಕೈದಿ ಎಲ್ಲರಿಗೂ ಅದರಲ್ಲಿ ಸ್ಥಾನವಿದೆ. ಸಸ್ಯಗಳಿಗೆ ಲಿನೇಯಸ್ ಮಾಡಿಕೊಟ್ಟ ಉಪಕಾರದಂಥದು ಇದು.

ಮೊದಲು ಬೀಗದ ಕೈ

ನೆರೆಯವರ ಅಡಿಗೆಮನೆ ನೋಡುವ ಮಾತು ಹಿಂದೆ ಬಂತಲ್ಲ, ಅದಕ್ಕೆ ಉತ್ತಮ ಉದಾಹರಣೆ ಫಿನ್ಲೆಂಡ್. 1980ರ ದಶಕದ ಕೊನೆಯಲ್ಲಿ ಅಲ್ಲಿ 18,000ದ ಆಸುಪಾಸು ಜನ ಮನೆಯಿಲ್ಲದವರಿದ್ದರು. ಚಳಿಗಾಲದಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವ ನಾಡಿನಲ್ಲಿ ಮನೆಯಿಲ್ಲವೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ತಂಗುವ ಹಾಸ್ಟೆಲುಗಳಿದ್ದವು. ಬೆಳಗಾದರೆ ಎದ್ದು ಹೊರಡಬೇಕು. ಸ್ವಂತ ಮನೆ ಬೇಕೆಂದರೆ ಮೊದಲು ಕುಡಿತ ಬಿಡಬೇಕು, ಚಿಕಿತ್ಸೆ ಮುಗಿಸಬೇಕು, 'ಯೋಗ್ಯತೆ' ತೋರಿಸಬೇಕು. ಮೆಟ್ಟಿಲು ಹತ್ತಿದವರಿಗಿಂತ ಜಾರಿ ಬಿದ್ದವರೇ ಹೆಚ್ಚು.

ಒಬ್ಬ ಬಿಷಪ್, ಒಬ್ಬ ವೈದ್ಯ, ಹೆಲ್ಸಿಂಕಿಯ ಸಮಾಜ ಕಲ್ಯಾಣಾಧಿಕಾರಿ ಮತ್ತು ವಸತಿ ಪ್ರತಿಷ್ಠಾನವೊಂದರ ಮುಖ್ಯಸ್ಥ ಇದ್ದ ನಾಲ್ವರ ಗುಂಪು ಕೊಟ್ಟ ಸಲಹೆಯ ಮೇಲೆ 2008ರಲ್ಲಿ ಸರ್ಕಾರ ಕ್ರಮವನ್ನೇ ತಿರುಗಿಸಿತು. ಮೊದಲು ಬಾಡಿಗೆ ಕರಾರು ಮತ್ತು ಬೀಗದ ಕೈ, ಉಳಿದದ್ದು ಆಮೇಲೆ. ಈ ವಿಚಾರ 1992ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಸ್ಯಾಮ್ ತ್ಸೆಂಬೆರಿಸ್ ಶುರುಮಾಡಿದ್ದು. ಅದನ್ನು ಇಡೀ ದೇಶದ ನೀತಿಯಾಗಿಸಿದ್ದು ಫಿನ್ಲೆಂಡ್. ಮನೆ ದಾನವಲ್ಲ. ಬಾಡಿಗೆ ಕೊಡಬೇಕು, ಅದಕ್ಕೆ ಎಲ್ಲ ಪೌರರಿಗಿರುವ ಸಹಾಯಧನ ಪಡೆಯಬಹುದು. ಹಾಸ್ಟೆಲುಗಳನ್ನೇ ಒಡೆದು ಮನೆ ಮಾಡಿದರು. ಹೆಲ್ಸಿಂಕಿಯ ಆಲ್ಪಿಕಾತು ಬೀದಿಯಲ್ಲಿ ಸಾಲ್ವೇಷನ್ ಆರ್ಮಿಯ 250 ಹಾಸಿಗೆಗಳ ತಂಗುದಾಣವಿತ್ತು. ಅದೇ ಕಟ್ಟಡದಲ್ಲಿ ಈಗ 80 ಪುಟ್ಟ ಮನೆಗಳು, ಪ್ರತಿಯೊಂದಕ್ಕೂ ಬಾಗಿಲು, ಬೀಗ. 250 ಎಲ್ಲಿ, 80 ಎಲ್ಲಿ ಎಂದು ಲೆಕ್ಕ ಕೇಳುವವರಿಗೆ ಉತ್ತರ: ಉಳಿದವರಿಗೆ ನಗರದ ಬೇರೆಡೆ ಮನೆ ಹುಡುಕಬೇಕಾಯಿತು, ಹೊಸದಾಗಿ ಕಟ್ಟಬೇಕಾಯಿತು. ಮನೆಗಳೇ ಇಲ್ಲದಿದ್ದರೆ ಬೀಗದ ಕೈ ಎಲ್ಲಿಂದ ಕೊಡುವುದು?

2010ರ ಡಿಸೆಂಬರ್ ಮೊದಲ ವಾರ ಬೇರೆ ದೇಶಗಳ ಅಧಿಕಾರಿಗಳು ಹೆಲ್ಸಿಂಕಿಗೆ ಬಂದು ಇದನ್ನೆಲ್ಲ ನೋಡಿದರು. ಮರುವಾರವೇ ಬ್ರಸೆಲ್ಸ್‌ನಲ್ಲಿ ಸಮ್ಮೇಳನ. ಹೊಸ ಚಿಕಿತ್ಸೆಯ ಬಗ್ಗೆ ವೈದ್ಯರು ಒಮ್ಮತಕ್ಕೆ ಬರಲು ಬಳಸುವ ಪದ್ಧತಿಯನ್ನೇ ಅಲ್ಲಿ ಬಳಸಿದ್ದು ಸ್ವಾರಸ್ಯಕರ. ಏಳು ಜನ ತಜ್ಞರ ಮಂಡಳಿ ಸಾಕ್ಷ್ಯಗಳನ್ನು ಕೇಳಿ, ತಂಗುದಾಣ ಕಟ್ಟುತ್ತಾ ಹೋಗುವುದಕ್ಕಿಂತ ಕಾಯಂ ಮನೆಯ ಕಡೆ ವಾಲುವುದೇ ಸರಿ ಎಂದು ಅಭಿಪ್ರಾಯಪಟ್ಟಿತು. 2017ರಲ್ಲಿ ಯೋಟೆಬೊರ್ಗ್‌ನಲ್ಲಿ ಘೋಷಿಸಿದ ಸಾಮಾಜಿಕ ಹಕ್ಕುಗಳ ಪಟ್ಟಿಯ 19ನೇ ತತ್ವ ವಸತಿಯದು. 2021ರ ಜೂನ್‌ನಲ್ಲಿ ಸದಸ್ಯ ದೇಶಗಳೆಲ್ಲ ಮತ್ತೆ ಲಿಸ್ಬನ್‌ನಲ್ಲಿ ಸೇರಿ, 2030ರೊಳಗೆ ಮನೆಯಿಲ್ಲದ ಸ್ಥಿತಿಯನ್ನು ಕೊನೆಗಾಣಿಸಲು ದುಡಿಯುವುದಾಗಿ ಸಹಿ ಹಾಕಿದವು.

ಸಹಿ ಹಾಕಿದವರ ಕೈ ಕಟ್ಟಿಹಾಕಿದ್ದು ಬೆಲೆ. 2010ರಿಂದ 2024ರವರೆಗೆ ಒಕ್ಕೂಟದಲ್ಲಿ ಮನೆಗಳ ಬೆಲೆ ಅರ್ಧಕ್ಕಿಂತ ಹೆಚ್ಚು, ಬಾಡಿಗೆ ಕಾಲು ಭಾಗದಷ್ಟು ಏರಿತು. ಒಕ್ಕೂಟದ ನಿಯಮಗಳೂ ಒಮ್ಮೊಮ್ಮೆ ಅಡ್ಡ ಬಂದದ್ದುಂಟು. ನೆದರ್ಲೆಂಡ್ಸ್‌ನಲ್ಲಿ ವಸತಿ ಸಂಘಗಳ ಅಗ್ಗದ ಮನೆಗಳು ಮಧ್ಯಮ ವರ್ಗಕ್ಕೂ ಸಿಗುತ್ತಿದ್ದವು. ಇದು ಖಾಸಗಿಯವರೊಡನೆ ನ್ಯಾಯವಾದ ಪೈಪೋಟಿಯಲ್ಲ ಎಂಬ ತಕರಾರಿನ ಮೇಲೆ, ಆಯೋಗದ 2009ರ ನಿರ್ಧಾರದಂತೆ ಶೇ. 90ರಷ್ಟು ಮನೆಗಳನ್ನು ವರ್ಷಕ್ಕೆ ಸುಮಾರು 33,000 ಯೂರೋಗಿಂತ ಕಡಿಮೆ ಆದಾಯದವರಿಗೇ ಕೊಡಬೇಕಾಯಿತು. ಆ ಗೆರೆಯ ಮೇಲಿದ್ದ ಶಿಕ್ಷಕರು, ದಾದಿಯರು ಅತ್ತ ಕೊಳ್ಳಲೂ ಆಗದೆ ಇತ್ತ ಅರ್ಜಿ ಹಾಕಲೂ ಆಗದೆ ನಡುವೆ ಸಿಕ್ಕಿಕೊಂಡರು. 2024ರ ಡಿಸೆಂಬರ್‌ನಲ್ಲಿ ಆಯೋಗ ಮೊದಲ ಬಾರಿಗೆ ವಸತಿಗೆಂದು ಹೊಣೆಗಾರನೊಬ್ಬನನ್ನು ಇಟ್ಟಿತು. ಡೆನ್ಮಾರ್ಕಿನ ಡಾನ್ ಯೋರ್ಗೆನ್ಸನ್ ಅವರಿಗೆ ಇಂಧನದ ಜೊತೆ ಈ ಖಾತೆಯೂ ಬಂತು.

ಫಿನ್ಲೆಂಡಿನಲ್ಲಿ ಪ್ರತಿ ವರ್ಷ ನವೆಂಬರ್ ಮಧ್ಯದಲ್ಲಿ ಮನೆಯಿಲ್ಲದವರ ಎಣಿಕೆ ನಡೆಯುತ್ತದೆ. 2023ರಲ್ಲಿ ಅದು ಸುಮಾರು 3,400ಕ್ಕೆ ಇಳಿದಿತ್ತು. ಆಮೇಲೆ ಸರ್ಕಾರ ಬಾಡಿಗೆ ಸಹಾಯಧನಕ್ಕೆ ಕತ್ತರಿ ಹಾಕಿತು. 2024ರ ನವೆಂಬರ್‌ನಲ್ಲಿ ಎಣಿಸಿದಾಗ ಸಿಕ್ಕವರು ಸುಮಾರು 3,800. ಹತ್ತು ವರ್ಷಗಳಿಗೂ ಮಿಕ್ಕಿ ಇಳಿಯುತ್ತಲೇ ಬಂದಿದ್ದ ರೇಖೆ ಆ ವರ್ಷ ಮೇಲಕ್ಕೆ ತಿರುಗಿತು.